ತಿಪ್ಪೇಶಿ, ಆ ಒಂಬತ್ತನ್ನ ಬಿಚ್ಚಿ ನೋಡೋಣ ಬಾ

ಲೇ ತಿಪ್ಪೇಶಿ,

ನೀನು ಕಳಿಸಿದ ನಿನ್ನ ಮಗನ ಬ್ಲೂ ಬುಕ್ (ಇಂಟರ್ನಲ್ಸ್ ಉತ್ತರಪತ್ರಿಕೆ) ಫೋಟೋ ಎಲ್ಲಾ ನೋಡಿದೆ. ಮೂರನೇ ಸೆಮ್ ಸಿವಿಲ್, ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್, ಮೊದಲನೇ ಇಂಟರ್ನಲ್ಸ್, 25ಕ್ಕೆ 9. ವಾಯ್ಸ್ ಮೆಸೇಜೂ ಕೇಳಿದೆ. 'ದುರ್ಗದಿಂದ ದಾವಣಗೆರೆಗೆ ರೂಮ್ ಮಾಡಿಕೊಟ್ಟು ಕಳಿಸಿದ್ದು ಇದಕ್ಕಾ' ಅನ್ನೋ ಕಡೆ ಥೇಟ್ ನಿಮ್ಮಪ್ಪನ ದನಿ ಬಂದಿದೆ, ಜೋಪಾನ. ನಾನೂ ಇಂಜಿನಿಯರಿಂಗ್ ಕಾಲೇಜು ಮೇಷ್ಟ್ರೇ ಅಲ್ವಾ, ಉತ್ತರ ಇಲ್ಲೇ ಎಲ್ಲರೆದುರು ಬರೀತೀನಿ. ಇಂಟರ್ನಲ್ಸ್ ಮುಗಿದ ವಾರ ಇದೇ ಪ್ರಶ್ನೆ ಹೊತ್ತು ತಿರುಗೋ ಅಪ್ಪಂದಿರು ವಿದ್ಯಾನಗರದ ತುಂಬಾ ಇದ್ದಾರೆ.

ಮೊದಲು ಲೆಕ್ಕ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದ್ರೆ ಪಠ್ಯ-ಪರೀಕ್ಷೆ ನಿಯಮದಲ್ಲಿ, ಥಿಯರಿ ಸಬ್ಜೆಕ್ಟಿಗೆ ಇಂಟರ್ನಲ್ಸ್ 50, ಸೆಮಿಸ್ಟರ್ ಕೊನೇ ಪರೀಕ್ಷೆ 50. ಇಂಟರ್ನಲ್ಸಿನ ಐವತ್ತರಲ್ಲಿ ಟೆಸ್ಟುಗಳಿಗೆ 25, ಅಸೈನ್‌ಮೆಂಟು ಇತ್ಯಾದಿಗೆ 25. ಟೆಸ್ಟು ಎರಡು: ಸಿಲಬಸ್ ಶೇಕಡಾ 40–50 ಮುಗಿದ ಮೇಲೆ ಒಂದು, 85–90 ಮುಗಿದ ಮೇಲೆ ಇನ್ನೊಂದು. ಎರಡನ್ನೂ ಕೂಡಿಸಿ 25ಕ್ಕೆ ಇಳಿಸ್ತಾರೆ. ಅಂದ್ರೆ ನೀನು ನಿದ್ದೆಗೆಟ್ಟ ಆ 9 ಕೊನೆಗೆ ಬರೋದು ನಾಲ್ಕೂವರೆಯಾಗಿ. ಎರಡನೇ ಟೆಸ್ಟಲ್ಲಿ 15 ತೆಗೆದ ಅಂತಿಟ್ಕೋ, 24ರ ಅರ್ಧ 12. ಅಸೈನ್‌ಮೆಂಟಿಗೆ 22. ಒಟ್ಟು 34. ಕನಿಷ್ಠ 20 ಇಲ್ಲದಿದ್ರೆ ಮಾತ್ರ ಎನ್‌ಇ (ನಾಟ್ ಎಲಿಜಿಬಲ್), ಪರೀಕ್ಷೆಗೇ ಕೂರಂಗಿಲ್ಲ. ನಿನ್ನ ಮಗ ಆ ಗಂಡಾಂತರದ ಹತ್ತಿರವೂ ಇಲ್ಲ.

ಆದ್ರೆ ಬಹಳ ಮಂದಿ ಎಡವೋ ಜಾಗ ಬೇರೆ. ಕೊನೇ ಪರೀಕ್ಷೇಲಿ ಪಾಸಿಗೆ 50ಕ್ಕೆ 18 ಸಾಕು, ಅಂದ್ರೆ ನೂರರ ಪೇಪರಲ್ಲಿ 35. ಇಂಟರ್ನಲ್ಸಲ್ಲಿ ಸರಿಯಾಗಿ 20, ಪರೀಕ್ಷೇಲಿ ಸರಿಯಾಗಿ 18 ಬಂದವನು ಎರಡರಲ್ಲೂ ಪಾಸು, ಸಬ್ಜೆಕ್ಟಲ್ಲಿ ಫೇಲು! ಎರಡೂ ಸೇರಿ 40 ಆಗಬೇಕು, ಆಗಿರೋದು 38. ರಿಸಲ್ಟ್ ದಿನ ಇದನ್ನ ಕಾಲೇಜು ಗೇಟಲ್ಲಿ ನಿಂತು ಅರ್ಥ ಮಾಡಿಸೋದು ಕಷ್ಟ ಕಣಲೇ. ನಿಮ್ಮವನು 34 ಇಟ್ಕೊಂಡು ಹೋದ್ರೆ ಬಿ ಪ್ಲಸ್‌ಗೆ, ಅಂದ್ರೆ ಒಟ್ಟು 60ಕ್ಕೆ, ನೂರರ ಪೇಪರಲ್ಲಿ 52 ಬೇಕು. 'ಎ' ಬೇಕಂದ್ರೆ 72. ಈ ಎರಡು ಅಂಕಿ ಅವನ ರೂಮಿನ ಗೋಡೆ ಮೇಲೆ ಇರಲಿ. ಲ್ಯಾಬ್ ಕೂಡಿಸಿರೋ ಸಬ್ಜೆಕ್ಟುಗಳಲ್ಲಿ ಥಿಯರಿಗೂ ಲ್ಯಾಬಿಗೂ 25–25, ಪ್ರತಿಯೊಂದರಲ್ಲೂ ಬೇರೆಬೇರೆಯಾಗಿ 10 ಬರಬೇಕು. ಲ್ಯಾಬಲ್ಲಿ 24 ಇದೆ ಅಂತ ಥಿಯರಿ ಉಳಿಯಲ್ಲ. ಹಾಜರಾತಿ 85 ಇದೆಯಾ ಅಂತ ಪೋರ್ಟಲಲ್ಲಿ ಇವತ್ತೇ ನೋಡು, ಅದು ಕೈ ಮೀರಿದ ಮೇಲೆ ಮೇಷ್ಟ್ರು ಏನೂ ಮಾಡಕ್ಕಾಗಲ್ಲ.

ಈಗ ಬ್ಲೂ ಬುಕ್. ನೀನು ನೋಡಿರೋದು ಮುಖಪುಟ ಮಾತ್ರ. ಒಳಗೆ, ಕಳೆದುಹೋದ 16 ಮಾರ್ಕ್ಸನ್ನ ಮೂರು ಗುಂಪು ಮಾಡು: ಬರೆದೇ ಇಲ್ಲ, ತಪ್ಪು ತಿಳ್ಕೊಂಡು ಬರೆದಿದ್ದಾನೆ, ಗೊತ್ತಿದ್ದೂ ಬಿಟ್ಟಿದ್ದಾನೆ. ಮೂರಕ್ಕೂ ಮದ್ದು ಬೇರೆ. ಮೊದಲನೆಯದು ಟೈಮಿಂದು. ಮೂರನೆಯದು ಯೂನಿಟ್ಟು, ಚಿತ್ರದ ಮೇಲೆ ಹೆಸರು, ಇಂಥವು; ಒಂದು ವಾರ ಎಚ್ಚರ ವಹಿಸಿದ್ರೆ ವಾಸಿ. ಕೂತು ಓದಬೇಕಾದ್ದು ನಡುವಿನದು. ಪ್ರಶ್ನೆಪತ್ರಿಕೆಯ ಬಲಗಡೆ ಪುಟ್ಟದಾಗಿ ಎಲ್1, ಎಲ್2, ಎಲ್3 ಅಂತ ಇರುತ್ತಲ್ಲ, ಯಾವ ಹುಡುಗರೂ ನೋಡಲ್ಲ. ನೆನಪು, ತಿಳಿವಳಿಕೆ, ಪ್ರಯೋಗ. ಎಲ್1, ಎಲ್2ರಲ್ಲಿ ಮಾರ್ಕ್ಸ್ ಬಂದು ಎಲ್3 ಖಾಲಿ ಇದ್ರೆ ನೋಟ್ಸ್ ಓದ್ತಾನೆ, ಲೆಕ್ಕ ಮಾಡಲ್ಲ ಅಂತ ಅರ್ಥ.

ನಿಮ್ಮವನ ಎರಡನೇ ಪ್ರಶ್ನೆ ನೋಡು. ಆರು ಮೀಟರ್ ಸಿಂಪ್ಲಿ ಸಪೋರ್ಟೆಡ್ ಬೀಮ್ (ಎರಡು ತುದಿಗೂ ಆಧಾರ ಕೊಟ್ಟ ತೊಲೆ), ಉದ್ದಕ್ಕೂ ಮೀಟರಿಗೆ 10 ಕಿಲೋನ್ಯೂಟನ್ ಯುಡಿಎಲ್ (ಸಮನಾಗಿ ಹರಡಿದ ಭಾರ), ಎಡತುದಿ 'ಎ' ಇಂದ 2 ಮೀಟರಿಗೆ 20 ಕಿಲೋನ್ಯೂಟನ್ ಪಾಯಿಂಟ್ ಲೋಡ್. 'ಎ' ಸುತ್ತ ಮೊಮೆಂಟ್ (ಭಾರವನ್ನ ದೂರದಿಂದ ಗುಣಿಸಿದ್ದು) ತಗೊಂಡಾಗ ಯುಡಿಎಲ್‌ನ ಒಟ್ಟು 60 ಬೀಮಿನ ನಡುಮಧ್ಯದಲ್ಲಿ ಕೂತಂಗೆ, 3ರಿಂದ ಗುಣಿಸಬೇಕು. ಇವನು 6ರಿಂದ ಗುಣಿಸಿದ್ದಾನೆ. ಬಲತುದಿ 'ಬಿ' ಕಡೆ ರಿಯಾಕ್ಷನ್ (ಆಧಾರ ಮೇಲಕ್ಕೆ ಒತ್ತೋ ಬಲ) 36.67 ಬರಬೇಕಾದ ಕಡೆ 66.67 ಬಂತು. ಒಟ್ಟು ಭಾರ 80ರಲ್ಲಿ ಅದನ್ನ ಕಳೆದು 'ಎ' ಕಡೆ 13.33 ಅಂದ, ಸರಿಯಾದ್ದು 43.33. ಆಮೇಲೆ ಎರಡೂ ಕೂಡಿಸಿ 80 ಬಂತು ಅಂತ ತಾನೇ ಟಿಕ್ ಹಾಕ್ಕೊಂಡಿದ್ದಾನೆ. ಬರದೇ ಇನ್ನೇನಲೇ, ಕಳೆದೇ ತಾನೆ ತಗೊಂಡಿದ್ದು? ತಾಳೆ ನೋಡಬೇಕಿದ್ದು 'ಬಿ' ಸುತ್ತ ಮೊಮೆಂಟ್ ತಗೊಂಡು.

ಮಜಾ ಏನಂದ್ರೆ ಈ ತಪ್ಪು ಶಿಯರ್ ಫೋರ್ಸ್ (ಬೀಮನ್ನ ಕತ್ತರಿಸೋ ಬಲ) ಚಿತ್ರದಲ್ಲೂ ಸಿಕ್ಕಿಬೀಳಲ್ಲ, ಅದು ಅಚ್ಚುಕಟ್ಟಾಗಿ ಮುಚ್ಕೊಳ್ಳುತ್ತೆ. ಸಿಕ್ಕಿಬೀಳೋದು ಬೆಂಡಿಂಗ್ ಮೊಮೆಂಟಲ್ಲಿ, ಅಂದ್ರೆ ಬೀಮನ್ನ ಬಗ್ಗಿಸೋ ಮೊಮೆಂಟಲ್ಲಿ. 'ಬಿ' ತುದೀಲಿ ಸೊನ್ನೆ ಬರಬೇಕು, ಇವನ ಲೆಕ್ಕಕ್ಕೆ ಮೈನಸ್ 180. ಆ ಪುಟ ದೊಡ್ಡದು ಮಾಡಿ ನೋಡು, 'ಬಿ' ಹತ್ತಿರ ರಬ್ಬರಲ್ಲಿ ಉಜ್ಜಿ ಉಜ್ಜಿ ಪೇಪರ್ ತೆಳ್ಳಗಾಗಿದೆ. ಕೊನೆಗೆ ಗೆರೇನ ಎಳೆದು ಸೊನ್ನೆಗೇ ತಂದು ನಿಲ್ಲಿಸಿದ್ದಾನೆ. ಅಲ್ಲಿ ಸೊನ್ನೆ ಬರಬೇಕು ಅಂತ ಅವನಿಗೆ ಗೊತ್ತಿತ್ತು! ಹತ್ತಕ್ಕೆ 3 ಸಿಕ್ಕ ಉತ್ತರ ಅದು, ಆದ್ರೆ ಏನೂ ಬರದ ಹುಡುಗ ಹಂಗೆ ಉಜ್ಜಲ್ಲ.

ಮೇಷ್ಟ್ರ ಹತ್ತಿರ ಅವನೇ ಹೋಗಲಿ, ನೀನು ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಫೋನ್ ಮಾಡಬೇಡ. ಹೋಗೋ ಮುಂಚೆ ಒಳಗಿನ ಮಾರ್ಕ್ಸ್ ಕೂಡಿಸಿ ಮುಖಪುಟದ ಜೊತೆ ತಾಳೆ ನೋಡ್ಲಿ, ತಿದ್ದದೇ ಬಿಟ್ಟ ಪುಟ ಇದೆಯಾ ನೋಡ್ಲಿ. ಕೂಡೋದ್ರಲ್ಲಿ ತಪ್ಪಾಗೋದುಂಟು, ಸೈನ್ ಹಾಕೋ ಮುಂಚೆ ಹೇಳಿದ್ರೆ ಎರಡು ನಿಮಿಷದ ಕೆಲಸ. 'ಸರ್, ಒಂದೆರಡು ಹಾಕಿ ಸರ್' ಅಂದ್ರೆ ಯಾವ ಮೇಷ್ಟ್ರಿಗೂ ಕಿವಿ ಕೇಳಲ್ಲ. 'ಸರ್, ಮಾರ್ಕ್ಸ್ ಹಂಚೋ ಸ್ಕೀಮಲ್ಲಿ ರಿಯಾಕ್ಷನ್‌ಗೆ ಎರಡು, ಶಿಯರ್ ಫೋರ್ಸ್ ಚಿತ್ರಕ್ಕೆ ಮೂರು ಅಂತಿದೆ. ರಿಯಾಕ್ಷನ್ ತಪ್ಪಾದ್ರೂ ಮುಂದಿನ ಸ್ಟೆಪ್ ನೋಡ್ತೀರಾ?' ಅಂತ ಕೇಳಿದ್ರೆ ಕುರ್ಚಿ ಎಳೆದು ಕೂರಿಸ್ಕೊಳ್ತಾರೆ. ಮಾರ್ಕ್ಸ್ ಏರದಿದ್ರೂ ಎರಡನೇ ಟೆಸ್ಟಿಗೆ ದಾರಿ ಸಿಗುತ್ತೆ.

ಆಮೇಲೆ ಒಂದು ವಾರದೊಳಗೆ ಅದೇ ಪೇಪರನ್ನ ಪುಸ್ತಕ ಮುಚ್ಚಿ, ಗಡಿಯಾರ ಇಟ್ಕೊಂಡು ಮತ್ತೆ ಬರೀಲಿ. ಸಲ್ಯೂಶನ್ ಕಾಪಿ ಮಾಡೋದು ಓದು ಅಲ್ಲ. ಈ ಭಾಗ ಬಿಟ್ಟು ಮುಂದೆ ಹೋಗಂಗಿಲ್ಲ, ಯಾಕಂದ್ರೆ ಕೊನೇ ಪೇಪರಲ್ಲಿ ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ, ಒಂದನ್ನ ಬರೀಬೇಕು, ತಲಾ 20 ಮಾರ್ಕ್ಸ್. ಮೊದಲನೇ ಟೆಸ್ಟಿನ ಸಿಲಬಸ್ ಅಂದ್ರೆ ಎರಡು, ಎರಡೂವರೆ ಮಾಡ್ಯೂಲು, ನೂರರಲ್ಲಿ 40–50. ಹಳೇ ಪ್ರಶ್ನೆಪತ್ರಿಕೆಗಳನ್ನ ಮಾಡ್ಯೂಲ್ ಪ್ರಕಾರ ಬೇರ್ಪಡಿಸಿ, ಬೀಮಿನ ಲೆಕ್ಕ ದಿನಕ್ಕೆರಡು ಮಾಡಿದ್ರೆ ಸಾಕು. ಟ್ಯೂಷನ್ ಈಗಲೇ ಬೇಡ.

ಇಲ್ಲಿಗೆ ಮುಗಿಸಬೇಕಿತ್ತು. ಆದ್ರೆ ಒಂದು ಮಾತು ಗಂಟಲಲ್ಲೇ ಸಿಕ್ಕಿಹಾಕ್ಕೊಂಡಿದೆ. ನನಗೆ ಈ 9ರ ಚಿಂತೆ ಇಲ್ಲ. ನಿದ್ದೆ ಕೆಡಿಸೋದು 23. ಇಂಟರ್ನಲ್ಸ್ ಮಾರ್ಕ್ಸ್ ಹುಡುಗರಿಗೆ ಮಾತ್ರ ಅಂತ ನೀನು ತಿಳ್ಕೊಂಡಿದೀಯ. ಅದೇ ಅಂಕಿ ನಮ್ಮ ಕಾಲೇಜಿನ ಗುಣಮಟ್ಟ ಅಳೆಯೋ ಅಕ್ರೆಡಿಟೇಶನ್ ಫೈಲಿಗೂ ಹೋಗುತ್ತೆ. ಇಷ್ಟು ಮಂದಿ ಇಷ್ಟರ ಮೇಲೆ ತೆಗೀಬೇಕು ಅಂತ ಗುರಿ ಇರುತ್ತೆ, ಆಗದಿದ್ರೆ ಯಾಕೆ ಆಗಲಿಲ್ಲ, ಏನು ಕ್ರಮ ತಗೊಂಡ್ರಿ ಅಂತ ಪಾಠ ಮಾಡಿದವನೇ ಬರೀಬೇಕು. ಹಂಗಾಗಿ ಪ್ರಶ್ನೆ ತೆಗೆಯೋವಾಗ ಕೈ ತಾನಾಗೇ ಮೆತ್ತಗಾಗುತ್ತೆ. ಕ್ಲಾಸಲ್ಲಿ ಮಾಡಿಸಿದ ಲೆಕ್ಕವೇ, ಅಂಕಿ ಸಮೇತ, ಟೆಸ್ಟಲ್ಲಿ ಬರುತ್ತೆ. ಬಾಯಿಪಾಠ ಮಾಡಿದ ಹುಡುಗಿ 23 ತಗೊಂಡು ನಗ್ತಾ ಹೋಗ್ತಾಳೆ. ಅಸೈನ್‌ಮೆಂಟ್ 22 ಅಂತ ಮೇಲೆ ಧೈರ್ಯವಾಗಿ ಬರೆದೆನಲ್ಲ, ಹೆಂಗೆ ಗೊತ್ತು ಅಂತ ನೀನು ಕೇಳಲೇ ಇಲ್ಲ. ಎಲ್ಲರಿಗೂ ಅಷ್ಟೇ ಬರೋದು. ಹದಡಿ ರೋಡಿನ ಜೆರಾಕ್ಸ್ ಅಂಗಡಿಯವನಿಗೂ ಗೊತ್ತು. ಆ ಹುಡುಗಿಯ ಅಪ್ಪ ಯಾರಿಗೂ ಫೋಟೋ ಕಳಿಸಲ್ಲ, ಯಾರನ್ನೂ ಏನೂ ಕೇಳಲ್ಲ. ಕೊನೇ ಪರೀಕ್ಷೇಲಿ ಅಂಕಿ ಬದಲಾದ ದಿನ ಅವಳು ಮೊದಲು ಅನುಮಾನಪಡೋದು ನನ್ನ ಮೇಲಲ್ಲ, ತನ್ನ ಮೇಲೆ.

ಆಯ್ತು ಬಿಡು, ಇದು ಪೂರ್ತಿ ಕಾಲ್ಪನಿಕ. ನಮ್ಮ ಪ್ರಿನ್ಸಿಪಾಲರೂ ಇಲ್ಲಿ ಫ್ರೆಂಡ್ ಲಿಸ್ಟಲ್ಲಿದ್ದಾರೆ, ನಮಸ್ಕಾರ ಸರ್. ಕೆಂಪು ಪೆನ್ನು ಕೈಗೆ ಬಂದಮೇಲೆ ನಾನೂ ಭಾಷಣಕ್ಕೆ ನಿಂತುಬಿಡ್ತೀನಿ ಅಂತ ಮನೇಲೂ ದೂರಿದೆ. ಹುಡುಗನ್ನ ಶನಿವಾರ ಮಧ್ಯಾಹ್ನ ಕಳಿಸು, ಬ್ಲೂ ಬುಕ್ ಫೋಟೋ, ಕ್ಯಾಲ್ಕುಲೇಟರ್ ತರ್ಲಿ, ಮಿರ್ಚಿ ಮಂಡಕ್ಕಿ ನನ್ನ ಖರ್ಚು. ನೀನು ಬರಬೇಡ. ಬಂದ್ರೆ ನಿನ್ನ ಎರಡನೇ ಸೆಮ್ ಮ್ಯಾಥ್ಸ್ ಎಷ್ಟು ಅಂತ ಅವನು ಕೇಳ್ತಾನೆ, ಸುಳ್ಳು ಹೇಳೋ ಅಭ್ಯಾಸ ನನಗಿಲ್ಲ.

ನಿನ್ನ,
ಹಿಂದಿನ ಬೆಂಚಿನ ಬಲತುದಿ