ಬ್ಯಾನರಿಗೆ ಹಣವಿದೆ, ಸ್ಪ್ಯಾನರಿಗಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಮೇ ತಿಂಗಳಿನಲ್ಲಿ ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಹತ್ತು ದಿನ ಮಕ್ಕಳ ಬೇಸಿಗೆ ಶಿಬಿರ ನಡೆಯಿತು. ದೀಪ ಹಚ್ಚಿದ ಫೋಟೊ, ಪ್ರಮಾಣಪತ್ರ ಹಂಚಿದ ಫೋಟೊ ಎರಡೂ ಊರಿನವರೆಲ್ಲರ ಮೊಬೈಲಿಗೆ ಬಂದಿವೆ. ನಡುವೆ ಏನಾಯಿತು ಎಂಬುದನ್ನು ಯಾರೂ ಹೇಳಲಿಲ್ಲ. ಹಾಗಾಗಿ ಈ ಪತ್ರ. ನಾನು ಐಟಿಐಯಲ್ಲಿ 31 ವರ್ಷ ಫಿಟ್ಟರ್ ವಿಭಾಗದ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿ, ನಿವೃತ್ತನಾಗಿ, ಈಗ ತಿಪಟೂರು ತಾಲ್ಲೂಕಿನ ನಮ್ಮೂರಿನಲ್ಲಿ ಒಂದಿಷ್ಟು ತೆಂಗು ನೋಡಿಕೊಂಡಿರುವವನು.

ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಅವುಗಳ ಕಳೆಯೇ ಬದಲಾಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮದು ಸುಣ್ಣಬಣ್ಣ ಕಂಡಿದೆ, ಕಂಪ್ಯೂಟರ್ ಬಂದಿದೆ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ. ಮೈಸೂರಿನಲ್ಲಿರುವ ನನ್ನ ಮೊಮ್ಮಗಳು ರಂಗಾಯಣದ ಚಿಣ್ಣರ ಮೇಳ ಎಂಬ ಮಕ್ಕಳ ಬೇಸಿಗೆ ರಂಗಶಿಬಿರಕ್ಕೆ ಹೋಗಿ ಬಂದರೆ ಎರಡು ತಿಂಗಳು ಮನೆಯಲ್ಲಿ ಅದರದೇ ಮಾತು. ಹಳ್ಳಿಯ ಮಕ್ಕಳಿಗೆ ಅಂಥದ್ದೊಂದು ಕಾಸು ಖರ್ಚಿಲ್ಲದೆ ಸಿಗಬೇಕಾದರೆ ಅದು ಈ ಅರಿವು ಕೇಂದ್ರದಲ್ಲಿಯೇ.

ನಮ್ಮ ಗ್ರಂಥಾಲಯದ ಮೇಲ್ವಿಚಾರಕಿ ಉತ್ಸಾಹದ ಹೆಣ್ಣುಮಗಳು. ಶಿಬಿರದ ಮೂರನೆಯ ದಿನ ಮನೆಗೆ ಬಂದು, “ಒಂದು ಗಂಟೆ ಬಂದು ಮಕ್ಕಳಿಗೆ ನಾಲ್ಕು ಹಿತವಚನ ಹೇಳಿ ಸಾರ್” ಎಂದರು. ಹಿತವಚನ ನನ್ನ ಬಳಿ ಇಲ್ಲಮ್ಮ, ಬೇಕಿದ್ದರೆ ಒಂದು ಸೈಕಲ್ ತರುತ್ತೇನೆ ಎಂದೆ.

ಸೈಕಲ್ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೊರೊನಾ ಕಾಲದಲ್ಲಿ ಅದು ನಿಂತುಹೋಯಿತು. ಯೋಜನೆ ಹೋದರೂ ಸೈಕಲ್‌ಗಳು ಎಲ್ಲಿಗೂ ಹೋಗಿಲ್ಲ. ನಮ್ಮೂರಿನ ಹಿತ್ತಿಲುಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದು ನಿಂತಿವೆ. ಒಂದರ ಕ್ಯಾರಿಯರ್ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅದನ್ನು ಬಿಟ್ಟು ಪಕ್ಕದ ಮನೆಯ ಹೆಣ್ಣುಮಕ್ಕಳ ಸೈಕಲ್ಲನ್ನು ತಳ್ಳಿಕೊಂಡು ಹೋದೆ.

ಬಂದಿದ್ದವರು 22 ಮಕ್ಕಳು. ಅರಿವು ಕೇಂದ್ರದ ಜಗಲಿಯ ಮೇಲೆ ಗೋಣಿಚೀಲ ಹಾಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, “ಬಿಚ್ಚಿ” ಎಂದೆ. ಯಾರೂ ಮುಟ್ಟಲಿಲ್ಲ. ಹಾಳಾದರೆ ಬೈಯುತ್ತೀರಾ ಎಂದು ಒಬ್ಬ ಕೇಳಿದ. ಅದು ಆಗಲೇ ಹಾಳಾಗಿದೆಯಲ್ಲ ಮಾರಾಯ ಎಂದ ಮೇಲೆ ಕೈಗಳು ಮುಂದೆ ಬಂದವು.

ಮುಂದಿನ ಚಕ್ರದ ನಡುವಿನ ಹಬ್ ಬಿಚ್ಚಿದಾಗ ಗ್ರೀಸಿನ ಕರಿ ಮಡ್ಡಿಯೊಳಗಿನಿಂದ ಬೇರಿಂಗ್ ಗುಂಡುಗಳು ಉದುರಿದವು. ಒಂದೊಂದು ಬದಿಗೆ ಹತ್ತರಂತೆ ಇಪ್ಪತ್ತು ಇರಬೇಕು. ಸೀಮೆಎಣ್ಣೆಯಲ್ಲಿ ತೊಳೆದು ಎಣಿಸಿದರೆ ಹತ್ತೊಂಬತ್ತು. ಅರ್ಧ ಗಂಟೆ 22 ಮಕ್ಕಳು ನೆಲಕ್ಕೆ ಮೂಗು ತಾಗಿಸಿ ಹುಡುಕಿದರು. ಆರನೇ ತರಗತಿಯ ಒಬ್ಬಳು ಏನೂ ಹೇಳದೆ ಎದ್ದು ಮನೆಗೆ ಓಡಿದಳು, ಕೆಟ್ಟ ರೇಡಿಯೊದ ಸ್ಪೀಕರ್ ಹಿಡಿದುಕೊಂಡು ಬಂದಳು. ಅದರ ಹಿಂದಿನ ಅಯಸ್ಕಾಂತವನ್ನು ಜಗಲಿಯ ಅಂಚಿನ ಮಣ್ಣಿನಲ್ಲಿ ಎಳೆದಳು. ಕಬ್ಬಿಣದ ಪುಡಿ, ಒಂದು ಗುಂಡುಸೂಜಿ, ಜೊತೆಗೆ ನಮ್ಮ ಇಪ್ಪತ್ತನೆಯ ಗುಂಡು, ಟಕ್ ಎಂದು ಅಂಟಿಕೊಂಡು ಬಂತು. ನನ್ನ ಸೇವಾವಧಿಯಲ್ಲಿ ಎಷ್ಟೋ ಹುಡುಗರು ಗುಂಡು ಕಳೆದಿದ್ದಾರೆ. ಈ ಉಪಾಯ ನನಗೇ ಹೊಳೆದಿರಲಿಲ್ಲ.

ಮಾರನೆಯ ದಿನ ಚೈನ್ ಕೂರುವ ಹಲ್ಲು ಎಣಿಸಿದೆವು. ಪೆಡಲ್ ಕಡೆಯ ಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18. ಪೆಡಲ್ಲನ್ನು ಒಂದು ಸುತ್ತು ತಿರುಗಿಸಿದರೆ ಹಿಂದಿನ ಚಕ್ರ ಎಷ್ಟು ಸುತ್ತುತ್ತದೆ? ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರು: ಎರಡು ಸುತ್ತು, ಮೇಲೆ ಅರ್ಧಕ್ಕೆ ಚೂರು ಕಡಿಮೆ. ಚಕ್ರವನ್ನು ನೆಲದ ಮೇಲೆ ಉರುಳಿಸಿ ದರ್ಜಿಯ ಟೇಪಿನಿಂದ ಅಳೆದಾಗ ಒಂದು ಸುತ್ತಿಗೆ 2 ಮೀಟರ್ 7 ಸೆಂಟಿಮೀಟರ್. ಗುಣಿಸಿದರೆ ಒಂದು ತುಳಿತಕ್ಕೆ 5 ಮೀಟರ್ ಮೇಲೆ ಚಿಲ್ಲರೆ. ಹಾಗಾದರೆ ನಮ್ಮ ಶಾಲೆಗೆ ಎಷ್ಟು ತುಳಿತ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಅವರೇ ಕೇಳಿಕೊಂಡರು. ಅನುಪಾತದ ಲೆಕ್ಕದಲ್ಲಿ ತಾನು ಸೊನ್ನೆ ಎಂದು ಮೊದಲೇ ಹೇಳಿ ಹಿಂದೆ ಕೂತಿದ್ದ ಹುಡುಗ ಇದ್ದಿಲಿನಿಂದ ಗೋಡೆಯ ಮೇಲೆ ಭಾಗಾಕಾರ ಮಾಡುತ್ತಿದ್ದ. ಹೊಸ ಸುಣ್ಣದ ಗೋಡೆ. ಮೇಲ್ವಿಚಾರಕಿ ನೋಡಿ ನುಂಗಿಕೊಂಡರು, ಆಕೆಯ ದೊಡ್ಡತನ.

ಒಂದು ಗಂಟೆಗೆಂದು ಹೋದವನು ನಾಲ್ಕು ದಿನ ಹೋದೆ. ಕೊಬ್ಬರಿ ಸುಲಿಯುವ ಒಬ್ಬ ಅಜ್ಜಿ ಒಂದು ಮಧ್ಯಾಹ್ನ ಬಂದು ತೆಂಗಿನ ಗರಿಯಲ್ಲಿ ಚಾಪೆ ಹೆಣೆಯುವುದನ್ನು ತೋರಿಸಿದರು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಹೇಳುವುದನ್ನೂ ಕಲಿಸಿದರು. ದೇಶಕ್ಕೆಲ್ಲ ಕೊಬ್ಬರಿ ಕಳಿಸುವ ಸೀಮೆಯ ಮಕ್ಕಳು ಇದನ್ನು ಬಾಯಿ ಬಿಟ್ಟು ನೋಡಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ತಕರಾರಿಗೆ ಬರುತ್ತೇನೆ. ಮೇಲಿನಿಂದ ಬಂದ ವೇಳಾಪಟ್ಟಿಯಲ್ಲಿ ಕಾಗದ ಮಡಿಸುವುದು, ಚಿತ್ರ ಬಿಡಿಸುವುದು, ಚೆಸ್, ಯೋಗ, ರಸಪ್ರಶ್ನೆ ಇದ್ದವು. ಒಳ್ಳೆಯವೇ, ಬೇಡವೆನ್ನುವುದಿಲ್ಲ. ಆದರೆ ಬ್ಯಾನರಿಗೆ, ಹಾರಕ್ಕೆ, ಪ್ರಮಾಣಪತ್ರ ಅಚ್ಚು ಹಾಕಿಸುವುದಕ್ಕೆ ಹಣ ಇತ್ತು. ಒಂದು ಸೆಟ್ ಸ್ಪ್ಯಾನರ್, ಇಕ್ಕಳ, ಉಪ್ಪುಕಾಗದ, ಪಂಕ್ಚರ್ ಸಾಮಾನು ಕೊಳ್ಳೋಣವೆಂದರೆ ಅದಕ್ಕೆ ಲೆಕ್ಕದಲ್ಲಿ ತಲೆಬರಹವಿಲ್ಲ ಎಂಬ ಉತ್ತರ ಬಂತು. ಹಳೆಯ ಪೆಟ್ಟಿಗೆಯನ್ನು ನಾನೇ ಹೊತ್ತುಕೊಂಡು ಹೋದೆ, ಬೇಸರವಿಲ್ಲ. ಆದರೆ ಅಜ್ಜಿ ಅರ್ಧ ದಿನದ ಕೂಲಿ ಬಿಟ್ಟು ಬಂದರು. ಅವರಿಗೆ ಒಂದು ಶಾಲು ಹೊದಿಸಿ ಕಳಿಸಿದ್ದು ನನಗೆ ಸರಿಕಾಣಲಿಲ್ಲ. ಉಪನ್ಯಾಸಕರಿಗೆ ಗೌರವಧನ ಇದೆ ಎಂದಾದರೆ ಕೈಕಸುಬು ಕಲಿಸುವವರಿಗೂ ಇರಬೇಕು, ಅಷ್ಟೇ ಇರಬೇಕು.

ಪೆಟ್ಟಾದರೆ ಯಾರು ಹೊಣೆ ಎಂದು ಕೇಳಿದವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಚೈನಿಗೆ ಬೆರಳು ಸಿಕ್ಕಿ ಒಬ್ಬನ ಉಗುರು ಕಪ್ಪಾಯಿತು, ನಿಜ. ಅದಕ್ಕೇ ಗುಂಪಿಗೆ ಆರೇ ಮಕ್ಕಳಿರಬೇಕು, ಉಪಕರಣವನ್ನು ಹಿಡಿಕೆ ಮುಂದೆ ಮಾಡಿ ಕೊಡುವುದು ಮೊದಲ ಪಾಠವಾಗಬೇಕು. ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ತಕ್ಷಣದ ಉತ್ತರ ಇರಲಿಲ್ಲ. ಒಬ್ಬ ತಂದೆ, ಲಾರಿ ಓಡಿಸುವವರು, ಮಗನ ಕೈಯ ಗ್ರೀಸ್ ನೋಡಿ ನನ್ನ ಮನೆಯ ಬಾಗಿಲಿಗೇ ಬಂದರು. “ಈ ಮಸಿ ನನಗೆ ಸಾಕಾಗಿದೆ ಮೇಷ್ಟ್ರೇ, ಅವನಿಗೆ ಬೇಡ ಅಂತಲೇ ಓದಿಸುತ್ತಿರುವುದು” ಎಂದರು. ಜೋರು ಮಾಡಲಿಲ್ಲ, ಹಾಗಾಗಿಯೇ ನನಗೆ ಹೆಚ್ಚು ನಾಟಿತು. ಕೈಕೆಲಸವನ್ನು ಬಡವರ ಮಕ್ಕಳಿಗೆ ಮಾತ್ರ ಬರೆದಿಟ್ಟ ನಾಡಿನಲ್ಲಿ ಅವರ ಅಂಜಿಕೆ ತಪ್ಪಲ್ಲ. ಬೆಂಗಳೂರಿನಲ್ಲಿ ಇದೇ ಸ್ಕ್ರೂ ಬಿಚ್ಚುವುದನ್ನು ಕಲಿಸಲು ಸಾವಿರಗಟ್ಟಲೆ ಶುಲ್ಕ ತೆಗೆದುಕೊಳ್ಳುತ್ತಾರೆ ಎಂದು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಮಗನನ್ನು ಮಾತ್ರ ಬಿಡಿಸಲಿಲ್ಲ.

ಊಟದ ವಿಷಯವನ್ನೂ ಹೇಳಬೇಕು. ಹನ್ನೆರಡೂವರೆಗೆ ಮನೆಗೆ ಹೋದ ಮಕ್ಕಳಲ್ಲಿ ಅರ್ಧದಷ್ಟು ಆ ಬಿಸಿಲಿನಲ್ಲಿ ತಿರುಗಿ ಬರುತ್ತಿರಲಿಲ್ಲ. 2024ರ ಬರದಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಬಡಿಸಿದ ಸರ್ಕಾರಕ್ಕೆ ಶಿಬಿರದ ಹತ್ತು ದಿನ ಅದೇ ಒಲೆ ಹಚ್ಚಿಸುವುದು ಹೊಸ ವಿದ್ಯೆಯೇನಲ್ಲ.

ಮುಂದಿನ ಏಪ್ರಿಲಿಗೆ ಮೊದಲೇ ಪ್ರತಿ ಅರಿವು ಕೇಂದ್ರಕ್ಕೆ ಒಂದು ಉಪಕರಣ ಪೆಟ್ಟಿಗೆ ಕೊಡಲಿ. ಹಿತ್ತಿಲಿನಲ್ಲಿ ಬಿದ್ದಿರುವ ಸರ್ಕಾರಿ ಸೈಕಲ್‌ಗಳನ್ನು, ಕೊಡುವವರಿದ್ದರೆ, ಕಲಿಕೆಯ ಸಾಮಗ್ರಿ ಎಂದೇ ಪಡೆಯಲಿ. ಪೆಟ್ಟಿಗೆಯನ್ನು ಶಿಬಿರ ಮುಗಿದ ದಿನ ಬೀರುವಿನಲ್ಲಿಟ್ಟು ಬೀಗ ಹಾಕದೆ ಪುಸ್ತಕದಂತೆಯೇ ಸಂಜೆ ಹೊತ್ತು ಮಕ್ಕಳ ಕೈಗೆ ಕೊಡಲಿ. ಸದ್ಯಕ್ಕೆ ಅದು ನಡೆಯುತ್ತಿರುವುದು ನನ್ನ ಮನೆಯ ಜಗಲಿಯಲ್ಲಿ. ಭಾನುವಾರ ಐದಾರು ಮಕ್ಕಳು ಬರುತ್ತಾರೆ. ಕೋಳಿ ಮರಿ ಮಾಡಿ ಇಳಿದಿರುವುದರಿಂದ ಎರಡನೆಯ ಸೈಕಲ್ಲೂ ಸಿಕ್ಕಿದೆ, ಹಿಂದಿನ ಹಬ್ ಬಿಚ್ಚಿ ಹರಡಿಕೊಂಡಿದ್ದೇವೆ. ಹೋದ ವಾರ ನನ್ನ 14-15ರ ಸ್ಪ್ಯಾನರ್ ಯಾರ ಜೇಬಿನಲ್ಲೋ ಹೋಗಿದೆ. ಅವರ ಮನೆಗೆ ಈ ಪತ್ರಿಕೆ ಬರುತ್ತಿದ್ದರೆ, ಬೈಯುವುದಿಲ್ಲ, ಬರುವ ಭಾನುವಾರ ತಂದುಕೊಡಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ