ಮಗನಿಗೆ ಜೋಪಾನ, ದುಡ್ಡಿಗೆ ಭದ್ರ

ಸಂಪಾದಕರಿಗೆ ನಮಸ್ಕಾರ,

ಮಾರ್ಚ್ 4ಕ್ಕೆ ಫ್ಯಾಕ್ಟರಿಗಳಲ್ಲಿ ಹೆಲ್ಮೆಟ್ ಹಾಕ್ಕೊಂಡು ಪ್ರತಿಜ್ಞೆ ತಗೋತಾರಲ್ಲ, ಆ ಫೋಟೋ ನಿಮ್ಮ ಪೇಪರಲ್ಲಿ ಬಂದಿತ್ತು, ಮೇಲೆ ದಪ್ಪಕ್ಷರದಲ್ಲಿ 'ಭದ್ರತಾ ದಿನ' ಅಂತ ಹೆಡ್ಡಿಂಗು. ಸಾರ್ ಅದು ಸೇಫ್ಟಿ ಡೇ, ಸುರಕ್ಷತಾ ದಿನ. 1966ರಲ್ಲಿ ಅದೇ ತಾರೀಖು ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾಯ್ತು ಅಂತ ಮಾಡೋದು. ಭದ್ರತೆ ಅಂದ್ರೆ ಗೇಟಲ್ಲಿ ಬ್ಯಾಗ್ ಚೆಕ್ ಮಾಡ್ತಾನಲ್ಲ ಸೆಕ್ಯುರಿಟಿ, ಅವನ ಕೆಲಸ. ಒಂದು ಪದಕ್ಕೆ ಇಷ್ಟು ರಂಪಾನಾ ಅನ್ಬೇಡಿ.

ನಮ್ಮ ಕೋಲಾರದಲ್ಲಿ ಮಗ ಬೆಂಗ್ಳೂರು ಬಸ್ ಹತ್ತೋವಾಗ ಅಮ್ಮ ಏನಂತಾಳೆ? "ಜೋಪಾನವಾಗಿ ಹೋಗ್ಬಾಪ್ಪಾ, ದುಡ್ಡು ಭದ್ರ." ಬಿದ್ದು ಏಟು ಮಾಡ್ಕೊಳ್ಳೋದು ಯಾರೂ ಬೇಕಂತ ಮಾಡಲ್ಲ, ಅದಕ್ಕೆ ಜೋಪಾನ, ಅದು ಸೇಫ್ಟಿ. ಜೇಬಿಗೆ ಕೈ ಹಾಕೋನು ಬೇಕಂತಲೇ ಹಾಕ್ತಾನೆ, ಅದಕ್ಕೆ ಭದ್ರ, ಅದು ಸೆಕ್ಯುರಿಟಿ. ರೇಷನ್ ವಿಷ್ಯದಲ್ಲಿ ಸ್ವಲ್ಪ ಬೇರೆ, ಅಲ್ಲಿ ಭದ್ರತೆ ಅಂದ್ರೆ ಸಿಕ್ಕೇ ಸಿಗುತ್ತೆ ಅನ್ನೋ ಗ್ಯಾರಂಟಿ: 2013ರ ಆಹಾರ ಭದ್ರತಾ ಕಾಯ್ದೇಲಿ ತಲೆಗೆ 5 ಕೆಜಿ, ಆದ್ರೆ ತಿಂದಿದ್ದು ಹೊಟ್ಟೆ ಕೆಡಿಸ್ಬಾರ್ದು ಅನ್ನೋದು 2006ರ ಆಹಾರ ಸುರಕ್ಷತಾ ಕಾಯ್ದೆ.

ನಮ್ಮ ದೊಡ್ಡಪ್ಪ ಕೆಜಿಎಫ್ ಗಣೀಲಿದ್ರು. 3 ಕಿಲೋಮೀಟರ್‌ಗಿಂತ ಆಳ ತೋಡಿದ ಗಣಿ, ಕೆಳಗೆ ಇದ್ದಕ್ಕಿದ್ದಂಗೆ ಬಂಡೆ ಸಿಡಿಯೋದು, ಏರ್‌ಬ್ಲಾಸ್ಟ್ ಅಂತಿದ್ರು, ಅದರಿಂದ ಬಚಾವಾಗಿ ಮೇಲೆ ಬಂದ್ರೆ ಬಂಗಾರದ ಚೂರು ಏನಾದ್ರೂ ಇಟ್ಕೊಂಡಿದಾನಾ ಅಂತ ಮೈಯೆಲ್ಲಾ ತಡವೋರು. 2001ರಲ್ಲಿ ಗಣಿ ಮುಚ್ಚಿದ್ಮೇಲೆ ದೊಡ್ಡಪ್ಪ ಏರ್‌ಬ್ಲಾಸ್ಟ್ ಕತೆ ನಗ್ತಾ ನಗ್ತಾ ಹೇಳೋರು, ತಡವಿದ್ದನ್ನ ಮಾತ್ರ ನಗ್ತಾ ಹೇಳಿದ್ದು ನಾನು ನೋಡಿಲ್ಲ.

ಈಗ ನನ್ನ ಹೊಟ್ಟೆಉರಿ. ಹೋದ ವರ್ಷ ನಮ್ಮೋರದ್ದೇ ಮದ್ವೆ, ಛತ್ರದ ಹಿಂದ್ಗಡೆ ಅಡುಗೆಮನೆ, ಹಿಂಬಾಗ್ಲಿಗೆ ಅಂಗೈಯಗ್ಲ ಬೀಗ. ಯಾಕೆ ಅಂದ್ರೆ ಕೊಳದಪ್ಪಲೆ, ತೆಂಗಿನಕಾಯಿ ಮೂಟೆ ಆ ಬಾಗ್ಲಲ್ಲೇ ಮಾಯ ಆಗ್ತವಂತೆ, ನಿಜಾನೇ ಇರ್ಬೋದು. ಪಂಕ್ತಿ ಕೂತಿರೋವಾಗ ಗ್ಯಾಸ್ ವಾಸನೆ ಬಂತು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತೆ, ಅಲ್ಲೇ ತರಕಾರಿ ಹೆಚ್ಚೋ ಹೆಂಗಸರು, ಅವರ ಮಕ್ಳು ಕೂತಿದ್ರು. ಎಲ್ರೂ ಹಿಂಬಾಗ್ಲಿಗೆ ಓಡಿದ್ರು, ಬೀಗ! ಕೀ ಸೆಕ್ಯುರಿಟಿಯವನ ಜೇಬಲ್ಲಿ, ಅವನು ಹೈವೇಲಿ ಟೀ ಕುಡೀತಾ ಇದಾನೆ. ಭಟ್ರು ಟವಲ್ಲು ಮೂಗಿಗೆ ಕಟ್ಕೊಂಡು ಹೋಗಿ ರೆಗ್ಯುಲೇಟರ್ ಆಫ್ ಮಾಡಿದ್ರು, ಅಷ್ಟಕ್ಕೇ ಮುಗೀತು. 1997ರಲ್ಲಿ ದೆಹಲಿ ಉಪಹಾರ್ ಥಿಯೇಟರಲ್ಲಿ ಬೆಂಕಿ ಬಿದ್ದಾಗ ಹೊರಗೆ ಬರೋಕಾಗ್ದೆ 59 ಜನ ಹೋದ್ರಲ್ಲ, ಅದೇ ಕಣ್ಮುಂದೆ ಬಂತು ನಂಗೆ.

ಒಳಗಿಂದ ತಳ್ಳಿದ್ರೆ ತೆಗೆಯೋ, ಹೊರಗಿಂದ ತೆಗೆಯೋಕಾಗ್ದೇ ಇರೋ ಬಾಗ್ಲು ಸಿಗುತ್ತೆ ಸಾರ್, ಮಾಲ್‌ಗಳಲ್ಲಿ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಇರುತ್ತಲ್ಲ, ಅದೇ. ಕಳ್ಳನೂ ಬರಲ್ಲ, ಜನಾನೂ ಸಾಯಲ್ಲ. ಇನ್ನೊಂದ್ ತಿಂಗ್ಳಿಗೆ ತಂಗಿ ಮಗಳ ಮದ್ವೆ, ಬೇರೆ ಕಡೆ ಡೇಟ್ ಸಿಗ್ದೆ ಅದೇ ಛತ್ರ, ಅಡ್ವಾನ್ಸ್ ಕೊಡೋವಾಗ ಮ್ಯಾನೇಜರ್‌ನ ಕೇಳ್ದೆ, ಹಿಂಬಾಗ್ಲು ಬೀಗ ತೆಗ್ದಿರುತ್ತಾ, ಸೇಫ್ಟಿ ಕತೆ ಏನು ಅಂತ. "ಏನೂ ಯೋಚ್ನೆ ಮಾಡ್ಬೇಡಿ ಅಣ್ಣಾ, ಈ ಸಲ ಇಬ್ರು ಸೆಕ್ಯುರಿಟಿ ಹಾಕಿದೀವಿ" ಅಂದ.

ಇಂತಿ,
ನಿಮ್ಮ ಓದುಗ, ಕೋಲಾರ