ಪರಿಹಾರ ಬಂದಿಲ್ಲವೆಂದರೆ ಕಾರಣವನ್ನೂ ಹೇಳಿ

ಮಾನ್ಯ ಸಂಪಾದಕರೇ,

ಬೆಳೆ ಪರಿಹಾರ ಜಮಾ ಆಯಿತೆಂಬ ಸುದ್ದಿ ಬಂದ ಮರುದಿನ ನಾಡಕಚೇರಿ ಮುಂದೆ ಸಾಲು ಹತ್ತುತ್ತದೆ. ಬದುವಿನಾಚೆಯ ಹೊಲಕ್ಕೆ ಬಂದ ದುಡ್ಡು ಈಚೆಯದಕ್ಕೆ ಏಕಿಲ್ಲ? ಒಳಗೆ ಸಿಗುವ ಉತ್ತರ ‘ಬರ್ತದೆ, ಕಾಯಿರಿ’ ಎಂಬುದು. ಎಷ್ಟೋ ಪ್ರಕರಣಗಳಲ್ಲಿ ಅದು ಕಾದರೆ ಬರುವ ಹಣವಲ್ಲ.

2022–26ರ ವಿಪತ್ತು ಪರಿಹಾರ ಮಾನದಂಡದಂತೆ ಶೇ 33 ಅಥವಾ ಅದಕ್ಕೂ ಹೆಚ್ಚು ಬೆಳೆ ಹಾಳಾಗಿದ್ದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500 ಇತ್ತು. ಮಿತಿ 2 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 4 ಎಕರೆ 38 ಗುಂಟೆ. ಖುಷ್ಕಿ (ಮಳೆಯಾಶ್ರಿತ) ಎಕರೆಗೆ ಸುಮಾರು ₹3,440; ಬೀಜ, ಗೊಬ್ಬರದ ಖರ್ಚೂ ಹುಟ್ಟದ ಮೊತ್ತ. ಅದೂ ತಪ್ಪುವುದು ದಾಖಲೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ.

ಹೆಚ್ಚಿನ ತೊಂದರೆ ಶುರುವಾಗುವುದೇ ಬೆಳೆ ಸಮೀಕ್ಷೆಯಲ್ಲಿ. ಸಮೀಕ್ಷೆಗೆ ಬಂದವರು ಸರ್ವೆ ನಂಬರಿನ ಪ್ರತಿ ಹಿಸ್ಸಾಕ್ಕೂ (ಭಾಗಕ್ಕೂ) ಕಾಲಿಡದೆ ಒಂದು ಮೂಲೆಯಲ್ಲಿ ನಿಂತು ಫೋಟೊ ಹೊಡೆದರೆ ಮೆಕ್ಕೆಜೋಳದ ಹೊಲ ‘ಪಾಳು’ ಆಗುತ್ತದೆ, ನಡುನಡುವೆ ಸಾಲು ಹಾಕಿದ ಅಕ್ಕಡಿ ತೊಗರಿ ಲೆಕ್ಕಕ್ಕೇ ಸಿಗುವುದಿಲ್ಲ. ಪಾಳು ಭೂಮಿಗೆ ಪರಿಹಾರ ಎಲ್ಲಿಯದು? ಬೆಳೆ ದರ್ಶಕ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಅದರ ಗಡುವು ಮುಗಿಯುವ ಹೊತ್ತಿಗೆ ದಾಖಲೆಯಿಂದ ಬೆಳೆ ಬಿಟ್ಟುಹೋಗಿದೆಯೆಂಬುದೇ ಎಷ್ಟೋ ಸಲ ರೈತನಿಗೆ ಗೊತ್ತಾಗಿರುವುದಿಲ್ಲ.

ಎರಡನೆಯದು ಫ್ರೂಟ್ಸ್ ಐಡಿ (ಎಫ್‌ಐಡಿ), ಅಂದರೆ ಸರ್ಕಾರ ರೈತನಿಗೆ ಕೊಡುವ ನೋಂದಣಿ ಸಂಖ್ಯೆ. ‘ನಂದು ಎಫ್‌ಐಡಿ ಆಗಿದೆ’ ಎಂದರೆ ಸಾಲದು, ಪ್ರತಿ ಸರ್ವೆ ನಂಬರೂ ಅದಕ್ಕೆ ಸೇರಿರಬೇಕು. ಪೋಡಿಯಾಗಿ (ಜಮೀನು ಅಳೆದು ಬೇರ್ಪಡಿಸಿ) ಹೊಸ ಹಿಸ್ಸಾ ಬಂದಾಗ, ಭಾಗವಾದಾಗ, ಜಮೀನು ಕೊಂಡಾಗ ಪಹಣಿ ಮತ್ತು ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಮತ್ತೆ ಸೇರಿಸಬೇಕು. ಪಹಣಿಯ 9ನೇ ಕಾಲಂನಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಆಗಬೇಕು. 

ಕೊನೆಯ ಕೊಂಡಿ ಬ್ಯಾಂಕಿನದು, ಜನ ಹೆಚ್ಚು ಎಡವುವುದೂ ಇಲ್ಲೇ. ಪಾಸ್‌ಬುಕ್‌ಗೆ ಆಧಾರ್ ಜೋಡಿಸುವುದು ಒಂದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ಆಧಾರ್ ಸಂಖ್ಯೆಗೆ ಗುರುತಿಸುವುದು) ಇನ್ನೊಂದು. ಆಧಾರ್ ಆಧಾರಿತ ಪಾವತಿ ಕೊನೆಯದಾಗಿ ಮ್ಯಾಪ್ ಆದ ಬ್ಯಾಂಕಿಗೆ ಹೋಗುತ್ತದೆ. ಯಾವುದೋ ಸಾಲಕ್ಕೆಂದು ಹೊಸ ಖಾತೆ ತೆರೆಯುವಾಗ ಒಪ್ಪಿಗೆ ಅರ್ಜಿಗೆ ಸಹಿ ಬಿದ್ದಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ. ಆ ಖಾತೆ ನಿಷ್ಕ್ರಿಯವಾಗಿದ್ದರೆ ವಾಪಸ್. ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಒಟಿಪಿ ಕೊಟ್ಟರೆ ಯಾವ ಬ್ಯಾಂಕ್ ಎಂದು ತಿಳಿಯುತ್ತದೆ. ಪಿಎಂ ಕಿಸಾನ್‌ನ ₹2,000 ಕಂತಿಗೂ ಇದು ಬೇಕು, ಜೊತೆಗೆ ಇ-ಕೆವೈಸಿ.

ಈ ತಪ್ಪುಗಳೆಲ್ಲ ಸರ್ಕಾರದ ಗಣಕದಲ್ಲಿ ಕಾರಣಸಹಿತ ದಾಖಲಾಗುವಂಥವು. ಹಾಗಿದ್ದ ಮೇಲೆ ಪರಿಹಾರ ಪಡೆದವರ ಪಟ್ಟಿಯ ಪಕ್ಕದಲ್ಲೇ ತಪ್ಪಿದವರದ್ದನ್ನೂ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲು ಏನಡ್ಡಿ? ಸರ್ವೆ ನಂಬರಿನ ಎದುರು ‘ಬೆಳೆ ವ್ಯತ್ಯಾಸ’, ‘ಎಫ್‌ಐಡಿ ಇಲ್ಲ’, ‘ಮ್ಯಾಪಿಂಗ್ ಇಲ್ಲ’ ಎಂದು ಬರೆದರೆ ಸಾಕು, ಆಧಾರ್ ಸಂಖ್ಯೆ ಬೇಡ. ಬೆಳೆ ಸಮೀಕ್ಷೆಯ ಪಟ್ಟಿಯನ್ನಂತೂ ಆಕ್ಷೇಪಣೆ ಅವಧಿ ಮುಗಿಯಲು 15 ದಿನ ಇರುವಾಗಲೇ ಹಾಕಲಿ.

– ಒಬ್ಬ ಕೃಷಿಕ, ಹಾವೇರಿ ಜಿಲ್ಲೆ